ಸಿಂಕ್ ಕೆಳಗಿನ ಬಾಗಿಲು: ಮೊದಲು ನೀರಿನ ದಾರಿ, ಆಮೇಲೆ ಮೈಕಾ ಬಣ್ಣ

ಮೈಸೂರಿನ ನಮ್ಮ ಮನೆಯ ಅಡುಗೆ ಕಟ್ಟೆ ಹಳೇ ಮಾದರಿಯದು. ಇಟ್ಟಿಗೆ ಗೋಡೆ, ಅದರ ಮೇಲೆ ಗ್ರಾನೈಟ್, ನಡುನಡುವೆ ಕಡಪ ಕಲ್ಲಿನ ಅಡ್ಡೆ. ಸಿಂಕ್ ಕೆಳಗೆ ಎರಡು ಪ್ಲೈವುಡ್ ಶಟರ್ ಇದ್ದವು. ಹಾಕಿಸಿ ಎರಡು ಮಳೆಗಾಲ ಕಳೆದಿತ್ತು ಅಷ್ಟೆ, ಎರಡೂ ಉಬ್ಬಿ ಒಂದಕ್ಕೊಂದು ಉಜ್ಜತೊಡಗಿದವು. ಆಮೇಲೆ ಮುಚ್ಚುವುದಕ್ಕೇ ಬರದಂತಾಯಿತು. ಮೊಣಕಾಲಲ್ಲಿ ಒದ್ದು ಮುಚ್ಚುವುದು ಮನೆಯವರಿಗೆಲ್ಲ ಅಭ್ಯಾಸವಾಯಿತು.

ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ: "ಪೈಪ್ ಸೋರ್ತಿದೆ ನೋಡಿ." ಕೊನೆಗೆ ಶಟರ್ ಬಿಚ್ಚಿ ಹಿತ್ತಲಿನ ಗೋಡೆಗೆ ಒರಗಿಸಿ ಬಿಸಿಲಲ್ಲಿ ನೋಡಿದೆ. ನಡುಭಾಗ ಹೊಸದರ ಹಾಗೇ ಇತ್ತು. ಮೇಲಿನ ನಾಲ್ಕು ಬೆರಳು, ಕೆಳಗಿನ ಎರಡು ಬೆರಳು ಮಾತ್ರ ಪದರ ಬಿಟ್ಟು, ಕೈಯಲ್ಲಿ ಒತ್ತಿದರೆ ಒದ್ದೆ ರಟ್ಟಿನ ಹಾಗೆ ಕುಸಿಯುತ್ತಿತ್ತು. ಹಿಂಬದಿ ಒಣಗಿತ್ತು. ಪೈಪ್ ಸೋರಿದ್ದರೆ ಹಾಳಾಗಬೇಕಿದ್ದದ್ದು ಹಿಂಬದಿ, ಅಲ್ವಾ?

ಹೊಸ ಬಾಗಿಲಿಗೆ ಡಿಸೈನ್ ಶುರುವಾಗಿದ್ದು ಅಲ್ಲಿಂದ. ಮೈಕಾ ಅಂಗಡಿಯ ಕ್ಯಾಟಲಾಗ್ ತಿರುವಿದ್ದು ಕೊನೆಗೆ. ನೀವೂ ಸಿಂಕ್ ಕೆಳಗೆ ಹೊಸದಾಗಿ ಬಾಗಿಲು ಮಾಡಿಸುವವರಿದ್ದರೆ ಇದೇ ಕ್ರಮದಲ್ಲಿ ಹೋಗಿ.

ಹಳೇ ಬಾಗಿಲನ್ನು ಓದಿ

ಹಳೇ ಶಟರ್ ಇದ್ದರೆ ಎಸೆಯಬೇಡಿ. ಎಲ್ಲೆಲ್ಲಿ ಕಲೆ, ಎಲ್ಲೆಲ್ಲಿ ಉಬ್ಬು ಅಂತ ನೋಡಿ. ನೀರು ಎಲ್ಲಿಂದ ಬಂತು ಅಂತ ಅದೇ ಹೇಳುತ್ತದೆ.

ಮೇಲ್ಭಾಗ ಹಾಳಾಗಿದ್ದರೆ ನೀರು ಗ್ರಾನೈಟಿನ ಅಂಚಿನಿಂದ ಬಂದಿದೆ. ಪಾತ್ರೆ ತೊಳೆಯುವಾಗ ಕಟ್ಟೆಯ ಅಂಚಿಗೆ ನೀರು ಬಂದೇ ಬರುತ್ತದೆ. ಆ ನೀರು ಅಂಚಿನಿಂದ ನೇರ ಕೆಳಗೆ ಬೀಳುವುದಿಲ್ಲ. ಅಂಚು ಬಳಸಿ, ಕಲ್ಲಿನ ಅಡಿಗೆ ಅಂಟಿಕೊಂಡು ಒಳಕ್ಕೆ ಹರಿದು, ಬಾಗಿಲಿನ ನೆತ್ತಿಯ ಮೇಲೆ ಇಳಿಯುತ್ತದೆ. ತುಂಬಿದ ಲೋಟದಿಂದ ನಿಧಾನಕ್ಕೆ ಹಾಲು ಬಗ್ಗಿಸಿದರೆ ಲೋಟದ ಹೊರಮೈಗೇ ಇಳಿಯುತ್ತದಲ್ಲ, ಅದೇ ಚಾಳಿ. ಇದಕ್ಕೆ ಮದ್ದು ಬಾಗಿಲಲ್ಲಿಲ್ಲ, ಕಲ್ಲಿನಲ್ಲಿದೆ. ಕಲ್ಲಿನ ಅಡಿಯಲ್ಲಿ, ಮುಂದಿನ ಅಂಚಿಗೆ ಸಮಾನಾಂತರವಾಗಿ ಒಂದು ಗೀರು ಹೊಡೆಸಬೇಕು. 4–5 ಮಿ.ಮೀ. ಅಗಲ, ಅಷ್ಟೇ ಆಳ ಸಾಕು. ಒಳಕ್ಕೆ ಹರಿದು ಬಂದ ನೀರು ಗೀರು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಮನೆ ಕಟ್ಟುವಾಗ ಕಿಟಕಿಯ ಸಜ್ಜದ ಅಡಿಯಲ್ಲಿ ಗಾರೆಯವರು ಇದೇ ಗೀರು ಬಿಡುತ್ತಾರೆ. ಅಡುಗೆ ಕಟ್ಟೆಗೆ ಮಾತ್ರ ಯಾಕೋ ಮರೆತುಬಿಡುತ್ತಾರೆ.

ಕಟ್ಟೆ ಆಗಲೇ ಕೂತಿದ್ದರೆ ಗ್ರೈಂಡರ್ ಹಿಡಿದು ತಲೆಕೆಳಗಾಗಿ ಗೀರು ಹೊಡೆಯುವುದು ಕಷ್ಟ. ಮನೆಯೆಲ್ಲ ಕಲ್ಲಿನ ಪುಡಿ. ಅಂಥ ಕಡೆ ಅಂಚಿನಿಂದ ಒಂದು ಸೆಂ.ಮೀ. ಒಳಗೆ ಸಿಲಿಕೋನಿನ ಒಂದು ಉದ್ದ ಗೆರೆ ಎಳೆಯಿರಿ. ಹುರಿಯ ಹಾಗೆ ಉಬ್ಬಿಕೊಂಡಿರಬೇಕು, ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಬೇಡಿ. ಕಲ್ಲಿನ ಅಡಿಯನ್ನು ಮೊದಲು ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಳೆಯಿರಿ. ಎಣ್ಣೆ ಪಸೆ ಇದ್ದರೆ ಸಿಲಿಕೋನ್ ಹಿಡಿಯುವುದಿಲ್ಲ.

ಕೆಳಭಾಗ ಹಾಳಾಗಿದ್ದರೆ ಅದು ನೆಲ ಒರೆಸುವ ನೀರು. ನಮ್ಮಲ್ಲಿ ಅಡುಗೆಮನೆಯ ನೆಲವನ್ನು ಬರೀ ಒರೆಸುವುದಿಲ್ಲ, ಹಬ್ಬದ ಹಿಂದಿನ ದಿನ ನೀರು ಹೊಯ್ದು ತೊಳೆಯುತ್ತೇವೆ. ಬಾಗಿಲು ನೆಲಕ್ಕೆ ಅರ್ಧ ಇಂಚು ಬಿಟ್ಟು ಕೂತಿದ್ದರೆ ಮಾಪಿನ ಒದ್ದೆ ದಿನಾ ಅದಕ್ಕೆ ತಾಗುತ್ತದೆ. ಬಾಗಿಲನ್ನು ನೆಲದಿಂದ 4 ಇಂಚು, ಅಂದರೆ 100 ಮಿ.ಮೀ. ಮೇಲಕ್ಕೆತ್ತಿ. ಕೆಳಗೆ ಸ್ಕರ್ಟಿಂಗ್ ಬರಲಿ. ಆ ಸ್ಕರ್ಟಿಂಗ್ ಟೈಲ್ ಅಥವಾ ಗ್ರಾನೈಟ್ ಪಟ್ಟಿಯದೇ ಆಗಿರಲಿ, ಪ್ಲೈವುಡ್ ಬೇಡ. 3 ಇಂಚಾದರೂ ಒಳಗೆ ಸರಿದಿದ್ದರೆ ನಿಂತು ಪಾತ್ರೆ ತೊಳೆಯುವವರ ಪಾದದ ತುದಿಗೆ ಜಾಗ ಸಿಗುತ್ತದೆ. ಇಲ್ಲದಿದ್ದರೆ ಸೊಂಟ ಬಗ್ಗಿಸಿ ನಿಲ್ಲಬೇಕು. ಮುಸುರೆ ಪಾತ್ರೆ ರಾಶಿ ಬಿದ್ದ ದಿನ ಆ 3 ಇಂಚಿನ ಬೆಲೆ ಗೊತ್ತಾಗುತ್ತದೆ.

ಹಿಂಬದಿ ಹಾಳಾಗಿದ್ದರೆ ಮಾತ್ರ ಪ್ಲಂಬರನ್ನು ಕರೆಯಿರಿ. ಬಾಟಲ್ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬುಡ್ಡಿ), ವೇಸ್ಟ್ ಕಪ್ಲಿಂಗ್ (ಸಿಂಕಿನ ತೂತಿಗೆ ಕೂರುವ ಜೋಡಣೆ), ಆಂಗಲ್ ಕಾಕ್ (ಗೋಡೆಯಲ್ಲಿರುವ ಪುಟ್ಟ ನಲ್ಲಿ), ಎಲ್ಲ ಸರಿಮಾಡಿಸಿದ ಮೇಲೆ ಬಾಗಿಲಿನ ಮಾತು. ವೇಸ್ಟ್ ಪೈಪ್ ನೆಲಕ್ಕೋ ಗೋಡೆಗೋ ಇಳಿಯುವ ತೂತಿನ ಸುತ್ತ ಸಂದು ಇದ್ದರೆ ಅದನ್ನೂ ಈಗಲೇ ಮುಚ್ಚಿಸಿ. ಜಿರಳೆ ಬರುವುದು ಅಲ್ಲಿಂದ. ಎಷ್ಟು ಚಂದದ ಬಾಗಿಲು ಹಾಕಿದರೂ ಅವು ತಮ್ಮ ದಾರಿ ಬಿಡುವುದಿಲ್ಲ.

ಒಳಗೆ ಏನೇನು ಇರಬೇಕು?

ಈಗ ಖಾಲಿ ಗೂಡಿನ ಮುಂದೆ ಕೂತು ಒಂದು ಪಟ್ಟಿ ಮಾಡಿ. ನಮ್ಮ ಮನೆಯದು ಹೀಗಿತ್ತು: ಹಸಿ ಕಸದ ಡಬ್ಬ, ಪಾತ್ರೆ ತೊಳೆಯುವ ಸೋಪು, ಫಿನಾಯಿಲ್, ನಾರು, ಒಂದು ಬಕೆಟ್, ಆರ್‌ಒ ಮಷೀನಿನ ವೇಸ್ಟ್ ನೀರಿನ ಪೈಪ್. ಬೆಂಗಳೂರಿನಲ್ಲಿರುವವರಿಗೆ ಕಸ ಬೇರ್ಪಡಿಸಲು 'ಎರಡು ಡಬ್ಬ, ಒಂದು ಚೀಲ'ದ ಲೆಕ್ಕ ಹೇಳಿಕೊಟ್ಟಿದ್ದರು. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್, ಪ್ಯಾಡಿನಂಥ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಅಲ್ಲಿ ಸಿಂಕ್ ಕೆಳಗಿನ ಅರ್ಧ ಜಾಗ ಇದಕ್ಕೇ ಹೋಗುತ್ತದೆ.

ಈ ಪಟ್ಟಿಯಿಂದ ಒಂದು ದೊಡ್ಡ ತೀರ್ಮಾನ ಹೊರಡುತ್ತದೆ. ಎರಡು ಬಾಗಿಲಿನ ನಡುವೆ ಕಂಬ ಬೇಡ. ಮರಗೆಲಸದ ಆಚಾರ್ರಿಗೆ ನಡುಗಂಬ ಇಷ್ಟ. ಶಟರ್ ಬಂದು ತಾಗುವುದಕ್ಕೆ ಆಸರೆ ಸಿಗುತ್ತದೆ, ಫ್ರೇಮ್ ಗಟ್ಟಿ ನಿಲ್ಲುತ್ತದೆ. ಆದರೆ ಬಕೆಟ್ ಹೊರಗೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಪ್ಲಂಬರನ ಭುಜ ಒಳಗೆ ಹೋಗುವುದಿಲ್ಲ. ನಮ್ಮ ಹಳೇ ಫ್ರೇಮಿನಲ್ಲಿ ಕಂಬ ಇತ್ತು. ಕಪ್ಲಿಂಗ್ ಬಿಗಿ ಮಾಡಲು ಬಂದ ಹುಡುಗ ಮಲಗಿಕೊಂಡು, ಒಂದು ಕೈ ಈ ಕಡೆ, ಇನ್ನೊಂದು ಕೈ ಆ ಕಡೆ ತೂರಿಸಿ, ಕಂಬವನ್ನು ತಬ್ಬಿಕೊಂಡು ಕೆಲಸ ಮಾಡಿದ. "ಅಕ್ಕ, ಇದನ್ನ ಹಾಕಿಸಿದವರು ಯಾರು?" ಅಂತ ಕೇಳಿದ. ನಾನು ಸುಮ್ನೆ ಇದ್ದೆ.

ಮೂರು ಅಡಿ ಅಗಲದ ತನಕ ನಡುಗಂಬ ಇಲ್ಲದೆ ಎರಡು ಶಟರ್ ಆರಾಮಾಗಿ ನಿಲ್ಲುತ್ತವೆ. ಶಟರ್ ತಾಗಲು ಆಸರೆ ಬೇಕಾದರೆ ಅದು ಮೇಲಿನ ಅಡ್ಡಪಟ್ಟಿಯಿಂದ ಬರಲಿ.

ಇನ್ನೊಂದು ಮಾತು. ಗ್ಯಾಸ್ ಸಿಲಿಂಡರನ್ನು ಸಿಂಕ್ ಕೆಳಗಿನ ಮುಚ್ಚಿದ ಗೂಡಿಗೆ ಸೇರಿಸಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ಅಲ್ಲೇ ಸೇರಿಕೊಳ್ಳುತ್ತದೆ. ಬಾಗಿಲು ಚೆನ್ನಾಗಿ ಕೂತಷ್ಟೂ ಅಪಾಯ ಜಾಸ್ತಿ. ಪ್ಲಗ್ ಪಾಯಿಂಟ್ ಕೂಡ ಪೈಪಿನ ನೇರಕ್ಕೆ ಕೆಳಗೆ ಬೇಡ. ಪಕ್ಕಕ್ಕೆ, ಎತ್ತರಕ್ಕೆ ಇರಲಿ.

ಅಳತೆ

ಇಲ್ಲಿ ಸ್ವಲ್ಪ ನಿಧಾನ. ಇಂಚು, ನೂಲು ಲೆಕ್ಕ ನಮ್ಮ ಆಚಾರ್ರ ಬಾಯಲ್ಲಿ ಚಂದ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, ಹತ್ತಿರ ಹತ್ತಿರ 3 ಮಿ.ಮೀ. ಆದರೆ ಶಟರ್ ಕೆಲಸದಲ್ಲಿ ಸಂದೇ 3 ಮಿ.ಮೀ. ಇರುತ್ತದೆ. ಒಂದು ನೂಲು ತಪ್ಪಿದರೆ ಸಂದೇ ಹೋಯಿತು. ಹಾಗಾಗಿ ಮಿ.ಮೀ.ನಲ್ಲೇ ಬರೆಯಿರಿ.

ಅಗಲವನ್ನು ಮೂರು ಕಡೆ ಅಳೆಯಿರಿ: ಮೇಲೆ, ನಡುವೆ, ಕೆಳಗೆ. ನಮ್ಮಲ್ಲಿ ಬಂದದ್ದು 914, 911, 908. ಅಂದರೆ ಗೋಡೆಗಳು ಕೆಳಗೆ ಹೋಗುತ್ತ ಹತ್ತಿರವಾಗಿವೆ. ಇಟ್ಟಿಗೆ ಗೋಡೆಗೆ ಟೈಲ್ ಹಾಕಿದ ಮೇಲೆ ಇದು ಎಲ್ಲ ಮನೆಯಲ್ಲೂ ಇದ್ದದ್ದೇ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅತಿ ಚಿಕ್ಕದನ್ನು, 908. ಅದರಲ್ಲಿ 4 ಕಳೆದು ಫ್ರೇಮಿನ ಹೊರ ಅಗಲ 904 ಅಂತ ಇಟ್ಟುಕೊಂಡೆ. ಫ್ರೇಮನ್ನು ರಸಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿ, ಗೋಡೆಯ ಜೊತೆ ಉಳಿದ ಸಂದಿಗೆ ಪ್ಯಾಕಿಂಗ್ ಕೊಟ್ಟು ಸಿಲಿಕೋನ್ ತುಂಬಿಸಿದ್ದಾಯಿತು. ಗೋಡೆ ಸೊಟ್ಟ ಇದ್ದರೂ ಫ್ರೇಮ್ ನೆಟ್ಟಗಿರಬೇಕು. ಫ್ರೇಮ್ ಗೋಡೆಯನ್ನು ಅನುಸರಿಸಿದರೆ ಶಟರ್ ಜನ್ಮಪೂರ್ತಿ ತಾನಾಗಿ ತೆರೆದುಕೊಳ್ಳುತ್ತಿರುತ್ತದೆ.

ಫ್ರೇಮ್ ಅಂದರೆ ಇಲ್ಲಿ ದೊಡ್ಡ ಡಬ್ಬವಲ್ಲ. ಎರಡು ಪಕ್ಕಕ್ಕೆ 18 ಮಿ.ಮೀ. ದಪ್ಪ, 75 ಮಿ.ಮೀ. ಆಳದ ಒಂದೊಂದು ನಿಲುವು ಪಟ್ಟಿ. ಹಿಂಜಿನ ಪ್ಲೇಟ್ ಕೂರಲು ಅಷ್ಟು ಆಳ ಬೇಕು. ಮೇಲೆ ಒಂದು ಅಡ್ಡಪಟ್ಟಿ. ಅಷ್ಟೆ. ಹಿಂದೆ, ಪಕ್ಕಕ್ಕೆ, ಕೆಳಗೆ ಟೈಲ್ ಹಾಕಿದ ಗೋಡೆಯೇ ಇದೆ. ಅದಕ್ಕೆ ಪ್ಲೈವುಡ್ ಹೊದಿಸುವುದು ನೀರಿಗೆ ಊಟ ಹಾಕಿದ ಹಾಗೆ.

ಶಟರ್ ಫ್ರೇಮಿನ ಮುಂದೆ ಬಂದು ಕೂರುತ್ತದೆ. ಎರಡು ಹೊರ ಅಂಚಿಗೆ 2 ಮಿ.ಮೀ., ನಡುವೆ 3 ಮಿ.ಮೀ. ಬಿಡಬೇಕು. 904ರಲ್ಲಿ 7 ಕಳೆದರೆ 897. ಎರಡು ಭಾಗ ಮಾಡಿದರೆ 448.5. ಆ ಅರ್ಧ ಬಿಟ್ಟು 448 ಅಂದುಕೊಂಡೆ, ನಡುವಿನ ಸಂದು 4 ಆಯಿತು. ಮಳೆಗಾಲಕ್ಕೆ ಒಂದು ಮಿ.ಮೀ. ಹೆಚ್ಚಿರಲಿ.

ಎತ್ತರದ ಲೆಕ್ಕ ಇದಕ್ಕಿಂತ ಮಜವಾಗಿದೆ. ನಮ್ಮ ಕಟ್ಟೆ ನೆಲದಿಂದ 840. ಅಂಚಿನಲ್ಲಿ ಎರಡು ಪದರ ಗ್ರಾನೈಟ್, 40. ಅಲ್ಲಿಗೆ ಕಲ್ಲಿನ ಅಡಿ 800ಕ್ಕೆ ಬಂತು. ಕೆಳಗೆ ಸ್ಕರ್ಟಿಂಗ್ 100. ನಡುವೆ ಸಿಕ್ಕಿದ್ದು 700. ಸಿಂಕಿನ ಬೌಲ್ 200 ಆಳ, ಅಂದರೆ ಅದರ ತಳ ನೆಲದಿಂದ 640ರಲ್ಲಿದೆ. ಈ 640 ನೆನಪಿಟ್ಟುಕೊಳ್ಳಿ.

ಬಾಗಿಲು ಮೇಲಿನ ತನಕ ಬೇಕಾ?

ಬೌಲ್ ಇರುವ ಎತ್ತರದಲ್ಲಿ ಬಾಗಿಲು ತೆರೆದರೆ ಕಾಣುವುದು ಸ್ಟೀಲಿನ ಹೊಟ್ಟೆ ಮಾತ್ರ. ಅಲ್ಲಿ ಏನೂ ಇಡಲಾಗುವುದಿಲ್ಲ. ಅದಕ್ಕೇ ಅಲ್ಲಿ ಒಂದು ಬಿಚ್ಚಬಹುದಾದ ಪಟ್ಟಿ ಕೊಟ್ಟು, ಅದರ ಕೆಳಗಿನಿಂದ ಶಟರ್ ಶುರುಮಾಡುವುದು ನನ್ನ ಪ್ರಕಾರ ಸರಿ. ಶಟರ್ ಗಿಡ್ಡವಾಗುತ್ತದೆ, ಭಾರ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮೇಲಿನಿಂದ ಇಳಿಯುವ ನೀರಿಗೆ ಮೊದಲು ಸಿಗುವುದು ಆ ಪಟ್ಟಿ. ಹಾಳಾದರೆ ಬದಲಿಸಬೇಕಾದದ್ದು ಅದೊಂದೇ, ಹಿಂಜ್ ಇರುವ ಬಾಗಿಲಲ್ಲ.

ನಮ್ಮ ಲೆಕ್ಕ: ಕಲ್ಲಿನ ಅಡಿ 5 ಬಿಟ್ಟು 150 ಎತ್ತರದ ಪಟ್ಟಿ. ಅದರ ಕೆಳಗೆ 3 ಸಂದು. ಆಮೇಲೆ 537ರ ಶಟರ್. ಕೊನೆಗೆ ಕೆಳಗೆ 5. ಕೂಡಿಸಿ ನೋಡಿ, 700. ಶಟರಿನ ನೆತ್ತಿ 642ಕ್ಕೆ ಬಂತು, ಬೌಲಿನ ತಳ 640. ಬಾಗಿಲು ತೆರೆದರೆ ಬೌಲ್ ಅಡ್ಡ ಬರುವುದೇ ಇಲ್ಲ.

ಪಟ್ಟಿ ಮತ್ತು ಶಟರ್ ಸೇರುವ ಕಡೆ ಹಿಂದೆ 45 ಎತ್ತರದ ಅಡ್ಡಪಟ್ಟಿ ಬರುತ್ತದೆ. ಅರ್ಧಕ್ಕೆ ಪಟ್ಟಿ ತಾಗುತ್ತದೆ, ಇನ್ನರ್ಧಕ್ಕೆ ಶಟರ್ ಬಂದು ನಿಲ್ಲುತ್ತದೆ. ಇದನ್ನು ಅಂಟು ಹಾಕಿ ಕೂರಿಸಲು ಬಿಡಬೇಡಿ. ಎಲ್ ಆಕಾರದ ಸ್ಟೀಲ್ ಬ್ರ್ಯಾಕೆಟ್‌ಗೆ ಸ್ಕ್ರೂ ಹಾಕಿ ನಿಲ್ಲಿಸಿ. ಮುಂದೆ ಸಿಂಕ್ ಬದಲಿಸುವ ದಿನ ಬಂದರೆ ನಾಲ್ಕು ಸ್ಕ್ರೂ ಬಿಚ್ಚಿದರೆ ಮುಂಭಾಗ ಪೂರ್ತಿ ಖಾಲಿ. ಪಟ್ಟಿಯನ್ನೂ ಹಾಗೇ. ಮೇಲಿನ ಎರಡು ಮೂಲೆಗೆ ಮ್ಯಾಗ್ನೆಟ್ ಕ್ಯಾಚ್, ಕೆಳಗೆ ಅಡ್ಡಪಟ್ಟಿಯ ಹಿಂದಿನಿಂದ ಎರಡು ಸ್ಕ್ರೂ. ಹೊರಗಿನಿಂದ ಏನೂ ಕಾಣುವುದಿಲ್ಲ.

ಈ ಪಟ್ಟಿಯ ಜಾಗದಲ್ಲಿ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಪುಟ್ಟ ಟ್ರೇ ಹಾಕಿಸುವವರಿದ್ದಾರೆ, ಸ್ಪಂಜು, ನಾರು ಇಡಲಿಕ್ಕೆ. ವಿಡಿಯೋದಲ್ಲಿ ನೋಡಲು ಚಂದ. ನಾನೂ ಆಸೆಪಟ್ಟೆ. ಅಳೆದು ನೋಡಿದರೆ ನಮ್ಮ ಸಿಂಕಿನ ಅಂಚು ಕಲ್ಲಿನ ಮುಂದಿನ ಅಂಚಿನಿಂದ 75 ಮಿ.ಮೀ. ಒಳಗಿದೆ. ಅದರಲ್ಲಿ ಕಲ್ಲು ಗೋಡೆಯಿಂದ ಹೊರಗೆ ಚಾಚಿದ್ದೇ 38. ಪಟ್ಟಿಯ ಹಿಂದೆ ಟ್ರೇಗೆ ಉಳಿದದ್ದು 37. ಟ್ರೇಗೆ ಎರಡು ಇಂಚಾದರೂ ಬೇಕು. ಜಾಗ ಇದ್ದರೂ ನಾನು ಈಗ ಹಾಕಿಸುವುದಿಲ್ಲ ಬಿಡಿ. ಒದ್ದೆ ನಾರನ್ನು ಕತ್ತಲ ಗೂಡಿನಲ್ಲಿ ಮುಚ್ಚಿಟ್ಟರೆ ಮೂರನೇ ದಿನಕ್ಕೆ ವಾಸನೆ. ಅದು ಕಿಟಕಿಯ ಬಿಸಿಲಿನಲ್ಲೇ ಇರಲಿ.

ಅಳತೆ ಮುಗಿದ ಮೇಲೆ ಫ್ರಿಜ್ಜೋ ಟಿವಿಯೋ ಬಂದ ರಟ್ಟಿನ ಪೆಟ್ಟಿಗೆ ಹುಡುಕಿ. ಶಟರ್ ಅಳತೆಗೆ ರಟ್ಟು ಕತ್ತರಿಸಿ, ಟೇಪಿನಲ್ಲಿ ಪಕ್ಕದ ಗೋಡೆಗೆ ಅಂಟಿಸಿ, ಒಂದು ವಾರ ಹಾಗೇ ಬಳಸಿ. ನಮ್ಮ ಮನೆಯಲ್ಲಿ ಎಡ ಬಾಗಿಲು ತೆರೆದರೆ ಹಿಂದಿನಿಂದ ಬರುವವರ ಮೊಣಕಾಲಿಗೆ ತಾಗುತ್ತದೆ ಅಂತ ಗೊತ್ತಾಗಿದ್ದು ಆ ರಟ್ಟಿನಿಂದ. ಕಸದ ಡಬ್ಬವನ್ನು ಬಲ ಬಾಗಿಲಿನ ಕಡೆಗೆ ಸರಿಸಿದೆವು. ಬಾಗಿಲಿನ ಒಳಮೈಗೆ ಡಬ್ಬ ನೇತುಹಾಕುವ ಯೋಚನೆ ಇದ್ದರಂತೂ ರಟ್ಟಿನ ಪರೀಕ್ಷೆ ಬೇಕೇ ಬೇಕು. ಬಾಗಿಲು ಮುಚ್ಚುವಾಗ ಡಬ್ಬ ನೇರ ಹೋಗಿ ಬಾಟಲ್ ಟ್ರ್ಯಾಪಿಗೆ ಗುದ್ದುತ್ತದೆಯೇ ಅಂತ ಆಗಲೇ ನೋಡಿಬಿಡಿ.

ಯಾವ ಹಲಗೆ?

ಮರದ ಚೂರು, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಸಾದಾ ಎಂಡಿಎಫ್ ಎರಡೂ ಇಲ್ಲಿಗೆ ಬೇಡ. ಒಮ್ಮೆ ನೀರು ಕುಡಿದರೆ ಮತ್ತೆ ಮೊದಲಿನ ರೂಪಕ್ಕೆ ಬರುವುದಿಲ್ಲ. ಎಚ್‌ಡಿಎಚ್‌ಎಂಆರ್ ಅನ್ನುವ, ನಾರನ್ನೇ ಇನ್ನೂ ಗಟ್ಟಿಯಾಗಿ ಒತ್ತಿದ ಬೋರ್ಡ್ ತೇವ ತಡೆಯುತ್ತದೆ, ಆದರೆ ತೇವ ತಡೆಯುವುದು ಬೇರೆ, ನೀರು ತಡೆಯುವುದು ಬೇರೆ. ಮೇಲಿನ ಗೋಡೆ ಕಪಾಟಿಗೆ ಸರಿ.

ನಾನು ಆರಿಸಿಕೊಂಡದ್ದು 18 ಮಿ.ಮೀ. ಮರೈನ್ ಪ್ಲೈವುಡ್. ಹಲಗೆಯ ಮೇಲೆ ಐಎಸ್ 710 ಅಂತ (ಭಾರತೀಯ ಗುಣಮಟ್ಟದ ಸಂಖ್ಯೆ) ಮುದ್ರೆ ಇರಬೇಕು. ಐಎಸ್ 303 ಅಂತಿದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈವುಡ್. ಅಂಗಡಿಯವರು ಎರಡಕ್ಕೂ 'ವಾಟರ್‌ಪ್ರೂಫ್' ಅಂತಲೇ ಹೇಳುತ್ತಾರೆ. 710ರ ಪರೀಕ್ಷೆಯಲ್ಲಿ ಹಲಗೆಯ ತುಂಡನ್ನು 72 ಗಂಟೆ ಕುದಿಸಿ ಅಂಟು ನೋಡುತ್ತಾರೆ. ಮನೆಯಲ್ಲಿ ಅಷ್ಟು ಗ್ಯಾಸ್ ಸುಡಬೇಕಾಗಿಲ್ಲ. ಕತ್ತರಿಸಿ ಉಳಿದ ಅಂಗೈಯಗಲದ ತುಂಡನ್ನು ಹಳೇ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ. ಅಷ್ಟಕ್ಕೇ ಪದರ ಬಿಟ್ಟರೆ ಮೋಸ ಹೋದಿರಿ ಅಂತ ಅರ್ಥ. ಬಿಡದಿದ್ದರೆ ಅರ್ಧ ಧೈರ್ಯ.

ಪ್ಲಾಸ್ಟಿಕ್ಕಿನ ಪಿವಿಸಿ ಫೋಮ್ ಬೋರ್ಡು, ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್ಕಿನ ಡಬ್ಲ್ಯುಪಿಸಿ ಬೋರ್ಡು ನೀರಿಗೆ ಜಗ್ಗುವುದಿಲ್ಲ, ಗೆದ್ದಲೂ ಮುಟ್ಟುವುದಿಲ್ಲ. ಅವುಗಳ ತೊಂದರೆ ಸ್ಕ್ರೂ. ಹಿಂಜಿನ ಸ್ಕ್ರೂವನ್ನು ಎರಡು ಸಲ ಬಿಚ್ಚಿ ಹಾಕಿದರೆ ಹಿಡಿತ ಸಡಿಲವಾಗುತ್ತದೆ. ಅದಕ್ಕೆ ನಾನು ಮೇಲಿನ ಪಟ್ಟಿಗೆ ಮಾತ್ರ ಪಿವಿಸಿ ಬೋರ್ಡ್ ಹಾಕಿಸಿದೆ. ಅದಕ್ಕೆ ಹಿಂಜಿಲ್ಲ, ನೀರು ಮಾತ್ರ ಬೀಳುತ್ತದೆ. ಶಟರಿಗೆ ಪ್ಲೈವುಡ್. ಎರಡರ ಮೇಲೂ ಒಂದೇ ಮೈಕಾ ಇರುವುದರಿಂದ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಅಲ್ಯೂಮಿನಿಯಂ ಫ್ರೇಮಿಗೆ ಎಸಿಪಿ ಶೀಟ್ (ಎರಡು ತೆಳು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್) ಹಾಕಿದ ಬಾಗಿಲನ್ನು ನಾನು ಹೀಗಳೆಯುವುದಿಲ್ಲ. ಕೊಳೆಯುವುದೇ ಇಲ್ಲ. ಬಾಡಿಗೆಗೆ ಕೊಡುವ ಮನೆಗೆ ಅದಕ್ಕಿಂತ ಒಳ್ಳೆಯದಿಲ್ಲ. ರಬ್ಬರ್ ಬೀಡಿಂಗ್ ಸಂದಿಯಲ್ಲಿ ಜಿಡ್ಡು ಕೂರುತ್ತದೆ, ಹಳೇ ಟೂತ್ ಬ್ರಷ್ ಇಟ್ಟುಕೊಂಡಿರಿ. ಇನ್ನು ಮರದ ಹಲಗೆಯೇ ಬೇಕು ಅನ್ನುವವರು, ಅದರಲ್ಲೂ ಮಲೆನಾಡು, ಕರಾವಳಿಯವರು, ಅಗಲವಾದ ಒಂದೇ ಹಲಗೆ ಹಾಕಿಸಬೇಡಿ. ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಸುತ್ತ ಚೌಕಟ್ಟು ಮಾಡಿ, ಅದರ ಗಾಡಿಯಲ್ಲಿ, ಅಂದರೆ ಒಳ ಅಂಚಿನಲ್ಲಿ ಕೊರೆದ ಕಾಲುವೆಯಲ್ಲಿ, ನಡುಹಲಗೆಯನ್ನು ಅಂಟಿಲ್ಲದೆ ಕೂರಿಸಬೇಕು. ಆಷಾಢದಲ್ಲಿ ಹಿಗ್ಗಲಿ, ಮಾಘದಲ್ಲಿ ಕುಗ್ಗಲಿ, ಅದಕ್ಕೆ ಜಾಗ ಇರಲಿ.

ಹಲಗೆ ಎಷ್ಟು ಬೇಕು? ಎರಡು ಶಟರನ್ನು ಪಕ್ಕಪಕ್ಕ ಇಟ್ಟು, ಅದರ ನೆತ್ತಿಗೆ ಪಟ್ಟಿ ಇಟ್ಟರೆ ಒಟ್ಟು 900ಕ್ಕೆ 690 ಚಿಲ್ಲರೆ. ಪಟ್ಟಿಗೂ ಪ್ಲೈವುಡ್ಡೇ ಹಾಕಿದರೂ ಮುಂಭಾಗ ಮೂರು ಅಡಿಗೆ ಎರಡೂವರೆ ಅಡಿ ತುಂಡಿನಲ್ಲಿ ಮುಗಿಯುತ್ತದೆ. 8ಕ್ಕೆ 4 ಅಡಿಯ ಪೂರ್ತಿ ಶೀಟ್ ಕೊಳ್ಳಬೇಕಾಗಿಲ್ಲ. ದೊಡ್ಡ ಪ್ಲೈವುಡ್ ಅಂಗಡಿಯಲ್ಲಿ ಕಟ್ ಪೀಸ್ ಕೇಳಿ. ಮೈಕಾ ಕತ್ತರಿಸುವಾಗಲೂ ಇದೇ ಜೋಡಣೆಯಲ್ಲಿ, ಒಂದೇ ಹಾಳೆಯಿಂದ ಕತ್ತರಿಸಲು ಹೇಳಿ. ಮರದ ಗೆರೆಯ ಮೈಕಾ ಆದರೆ ಗೆರೆ ಪಟ್ಟಿಯಿಂದ ಶಟರಿಗೆ ತುಂಡಾಗದೆ ಇಳಿಯುತ್ತದೆ. ದುಡ್ಡು ಜಾಸ್ತಿ ಆಗುವುದಿಲ್ಲ, ಬುದ್ಧಿ ಒಂದಿಷ್ಟು ಸಾಕು.

ಮುಂದೆ 1 ಮಿ.ಮೀ. ಮೈಕಾ ಹಾಕಿ ಹಿಂದೆ ಬರೀ ಬಣ್ಣ ಬಳಿಯುವ ಉಳಿತಾಯ ಬೇಡ. ಒಂದೇ ಕಡೆ ಹೊದಿಕೆ ಇದ್ದರೆ ಶಟರ್ ಬಿಲ್ಲಿನ ಹಾಗೆ ಬಗ್ಗುತ್ತದೆ. ಹಿಂದೆಯೂ 0.8 ಮಿ.ಮೀ. ಮೈಕಾ ಬರಲಿ. ಬಿಳಿಯದೇ ಆಗಲಿ, ಕತ್ತಲ ಗೂಡಿನಲ್ಲಿ ಜಿರಳೆಯೂ ಸೋರಿಕೆಯೂ ಬೇಗ ಕಾಣುತ್ತದೆ.

ಅಂಚು ಮತ್ತು ಗುಂಡಿ

ಮೈಕಾ ಹಾಕಿದ ಹಲಗೆಯ ಮುಖಕ್ಕೆ ನೀರು ಏನೂ ಮಾಡಲಾರದು. ಅದು ಒಳಗೆ ಹೋಗುವುದು ಅಂಚಿನಿಂದ, ತೂತಿನಿಂದ. ಹೀಗಾಗಿ ಇಡೀ ಕೆಲಸದಲ್ಲಿ ಎದುರಿಗೆ ನಿಂತು ಮಾಡಿಸಬೇಕಾದದ್ದು ಇದೊಂದೇ.

ನಾಲ್ಕೂ ಅಂಚಿಗೆ 2 ಮಿ.ಮೀ. ಪಿವಿಸಿ ಎಡ್ಜ್ ಬ್ಯಾಂಡ್ ಹಾಕಿಸಿ. ಕೆಳಗಿನ ಅಂಚು ಯಾರಿಗೂ ಕಾಣುವುದಿಲ್ಲ ಅಂತ ಬಿಟ್ಟುಬಿಡುವುದು ಸಾಮಾನ್ಯ. ನಮ್ಮ ಹಳೇ ಶಟರಿನಲ್ಲಿ ಆಗಿದ್ದೂ ಅದೇ, ಕೆಳ ಅಂಚಿಗೆ ಬರೀ ಬಣ್ಣ. ಬ್ಯಾಂಡನ್ನು ಕೈಯಲ್ಲಿ ಅಂಟಿಸುವುದಕ್ಕಿಂತ ಮಷೀನ್ ಇರುವ ಅಂಗಡಿಗೆ ಒಯ್ಯುವುದು ಮೇಲು. ಪಿಯುಆರ್ ಅಂಟು ಇದ್ದರೆ ಅದನ್ನೇ ಕೇಳಿ, ಸಾದಾ ಬಿಸಿ ಅಂಟಿಗಿಂತ ನೀರಿಗೆ, ಬಿಸಿಗೆ ಹೆಚ್ಚು ತಡೆಯುತ್ತದೆ.

ಬ್ಯಾಂಡಿನ ದಪ್ಪ ಕಟಿಂಗ್ ಅಳತೆಯಲ್ಲಿ ಕಳೆಯಬೇಕು, ಮರೆಯಬೇಡಿ. ಶಟರ್ ಮುಗಿದ ಅಳತೆ 448ಕ್ಕೆ 537. ಎರಡೂ ಕಡೆ 2 ಕಳೆದರೆ ಕತ್ತರಿಸುವ ಅಳತೆ 444ಕ್ಕೆ 533. ಪಟ್ಟಿ 900ಕ್ಕೆ 150, ಕತ್ತರಿಸುವುದು 896ಕ್ಕೆ 146. ಕಾಗದದಲ್ಲಿ ಎರಡನ್ನೂ ಬೇರೆ ಬೇರೆ ಬರೆದು, ಕತ್ತರಿಸುವ ಅಳತೆಗೆ ಸುತ್ತು ಹಾಕಿ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಬಾಗಿಲು 4 ಮಿ.ಮೀ. ದೊಡ್ಡದಾಗಿ ಬರುತ್ತದೆ. ಆಗ ಆಚಾರ್ರು ಒಂದು ಅಂಚನ್ನು ಕೆತ್ತುತ್ತಾರೆ, ಬ್ಯಾಂಡ್ ಹೋಗುತ್ತದೆ, ಕಥೆ ಮತ್ತೆ ಮೊದಲಿಗೆ.

ಇನ್ನು ಹಿಂಜ್ ಗುಂಡಿ. ಆಟೋ ಹಿಂಜಿಗೆ 35 ಮಿ.ಮೀ. ಅಗಲದ ಗುಂಡಿ ಕೊರೆಯುತ್ತಾರೆ. ಮೈಕಾ, ಬ್ಯಾಂಡ್ ಎಲ್ಲ ಹಾಕಿ ಭದ್ರ ಮಾಡಿದ ಹಲಗೆಯಲ್ಲಿ ಆ ಗುಂಡಿ ಹಸಿ ಗಾಯ. ಕೊರೆದ ಮೇಲೆ ಪುಡಿ ಒರೆಸಿ, ಗುಂಡಿಯ ತಳ, ಗೋಡೆ, ಸ್ಕ್ರೂ ತೂತು ಎಲ್ಲಕ್ಕೂ ಚಿಕ್ಕ ಬ್ರಷ್ಷಿನಲ್ಲಿ ಪಿಯು ವಾರ್ನಿಷ್ ಎರಡು ಸಲ ಹಚ್ಚಿ. ಹತ್ತು ನಿಮಿಷದ ಕೆಲಸ. ನಮ್ಮ ಆಚಾರ್ರು "ಇದೆಲ್ಲ ಯಾರೂ ಮಾಡ್ಸಲ್ಲ ಮೇಡಂ" ಅಂದರು. ನಾನು ಹಳೇ ಶಟರಿನ ಕಪ್ಪಾದ ಗುಂಡಿ ತೋರಿಸಿದೆ. ಬ್ರಷ್ ಅವರೇ ಇಸಕೊಂಡರು.

ಹಿಂಜು, ಹಿಡಿ

ಹಿಂಜ್ ಕೇಳುವಾಗ ಕ್ರ್ಯಾಂಕ್, ಅಂದರೆ ಹಿಂಜಿನ ತೋಳಿನ ಬಾಗು ಎಷ್ಟು ಅಂತ, ಹೇಳಬೇಕು. ಶಟರ್ ಫ್ರೇಮ್ ಪಟ್ಟಿಯನ್ನು ಪೂರ್ತಿ ಮುಚ್ಚುತ್ತಿದ್ದರೆ ಜೀರೋ ಕ್ರ್ಯಾಂಕ್. ಒಂದೇ ಪಟ್ಟಿಗೆ ಆ ಕಡೆ ಒಂದು, ಈ ಕಡೆ ಒಂದು ಶಟರ್ ಇದ್ದರೆ 8 ಕ್ರ್ಯಾಂಕ್. ಶಟರ್ ಫ್ರೇಮಿನ ಒಳಗೇ ಕೂರುವುದಾದರೆ 16. ನಮ್ಮದು ಜೀರೋ. ತಪ್ಪು ತಂದರೆ ಶಟರ್ ಕೂರುವುದೇ ಇಲ್ಲ.

ಕಲ್ಲು ಗೋಡೆಯಿಂದ ಒಂದು ಇಂಚು ಮಾತ್ರ ಚಾಚಿರುವ ಮನೆಗಳಲ್ಲಿ ಮುಂದೆ ಕೂರುವ ಶಟರ್ ಬೇಡ. ಮೈಕಾ ಸೇರಿ ಶಟರ್ ದಪ್ಪ 20 ಆಗುತ್ತದೆ. ಇಂಚಿನಲ್ಲಿ ಅದನ್ನು ಕಳೆದರೆ ಗೀರಿಗೆ ಜಾಗವೇ ಇಲ್ಲ. ಅಲ್ಲಿ ಫ್ರೇಮಿನ ಒಳಗೆ ಕೂರುವ ಶಟರೇ ಸರಿ. ನಮ್ಮಲ್ಲಿ 38ರಲ್ಲಿ 20 ಹೋಗಿ 18 ಉಳಿಯಿತು. ಗೀರು ಬಂದದ್ದು ಆ 18ರ ನಟ್ಟನಡುವೆ.

ಹಿಂಜ್ ಎಸ್‌ಎಸ್ 304 ಇರಲಿ. ಅಯಸ್ಕಾಂತ ಹಿಡಿದು ನೋಡಿ 'ಅಂಟಲಿಲ್ಲ, ಹಾಗಾದರೆ 304' ಅನ್ನುವ ಪರೀಕ್ಷೆ ನಂಬಬೇಡಿ. ಬೇಗ ತುಕ್ಕು ಹಿಡಿಯುವ 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಕ್ಲಿಪ್ ಆನ್ ಮಾದರಿ ಕೇಳಿ. ಹಿಂದೆ ಒಂದು ಗುಂಡಿ ಒತ್ತಿದರೆ ಶಟರ್ ಕೈಗೆ ಬರುತ್ತದೆ, ಸ್ಕ್ರೂ ಮುಟ್ಟಬೇಕಾಗಿಲ್ಲ. ಪ್ಲಂಬರ್ ಬಂದ ದಿನ ಎರಡೂ ಬಾಗಿಲು ತೆಗೆದು ಪಕ್ಕಕ್ಕಿಡುವುದು ಅರ್ಧ ನಿಮಿಷದ ಕೆಲಸ.

ಹಿಡಿಯ ವಿಷಯದಲ್ಲಿ ಒಂದೇ ಅನುಭವ ಹೇಳುತ್ತೇನೆ. ಎರಡು ತುದಿ ಹೊರಗೆ ಚಾಚಿಕೊಂಡ ಉದ್ದ ಪೈಪಿನಂಥ ಹಿಡಿ ಸಿಂಕ್ ಮುಂದೆ ಬೇಡ. ಸೆರಗು ಸಿಕ್ಕಿಕೊಳ್ಳುತ್ತದೆ, ನೈಟಿಯ ಜೇಬು ಹರಿಯುತ್ತದೆ. ನಮ್ಮತ್ತೆಯದು ಎರಡು ಹರಿದಿವೆ. ತುದಿ ಬಾಗಿ ಬಾಗಿಲಿಗೇ ಸೇರುವ ಡಿ ಆಕಾರದ್ದು, 128 ಮಿ.ಮೀ.ದು, ಮೇಲಿನ ಮೂಲೆಯ ಹತ್ತಿರ ನಿಲುವಾಗಿ ಹಾಕಿಸಿ. ಸೋಪಿನ ಕೈಗೆ ನಾಲ್ಕು ಬೆರಳು ತೂರುವ ಹಿಡಿಯೇ ಬೇಕು. ಬಾಗಿಲಿನ ನೆತ್ತಿಯಲ್ಲೇ ಕೊರೆದ ಕಾಲುವೆಯಂಥ ಹಿಡಿ ನೀರು ನಿಲ್ಲುವ ತೊಟ್ಟಿ. ಮನೆಯಲ್ಲಿ ಮಗು ಇದ್ದರೆ ಫಿನಾಯಿಲ್, ಆಸಿಡ್ ಬಾಟಲಿ ಇಲ್ಲಿಂದ ಮೇಲಕ್ಕೆ ಹೋಗಲಿ, ಅಥವಾ ಚೈಲ್ಡ್ ಲಾಕ್ ಬರಲಿ.

ಗಾಳಿ

ಸಿಂಕ್ ಕೆಳಗಿನ ಗೂಡು ಉಸಿರಾಡಬೇಕು. ತಣ್ಣೀರು ಹರಿಯುವ ಪೈಪ್, ಬೌಲಿನ ತಳ, ಎಲ್ಲ ಬೆವರುತ್ತವೆ. ಶಟರಿನಲ್ಲಿ ಚಂದಕ್ಕೆ ಅಂತ ಸೀಳು ಕೊರೆಸುವವರಿದ್ದಾರೆ. ಪ್ಲೈವುಡ್ಡಿನಲ್ಲಿ ಬೇಡವೇ ಬೇಡ, ಪ್ರತಿ ಸೀಳೂ ಹೊಸ ಅಂಚು. ನಮ್ಮಲ್ಲಿ ಮೇಲಿನ ಪಟ್ಟಿ ಹೇಗಿದ್ದರೂ ಪಿವಿಸಿ ಬೋರ್ಡಿನದು. ಮೈಕಾ ಹಾಕಿಸಿದ ಮೇಲೆ ಅದರಲ್ಲಿ ಮೂರು ಉದ್ದ ಸೀಳು ಕೊರೆಸಿ, ಹಿಂದೆ ಸ್ಟೀಲ್ ಜಾಲರಿ ಅಂಟಿಸಿದೆವು. ಕೆಳಗೆ ಶಟರ್ ಅಡಿಯ ಸಂದು ಗಾಳಿ ಒಳಕ್ಕೆ ಬಿಡುತ್ತದೆ, ಮೇಲಿನ ಸೀಳು ಹೊರಕ್ಕೆ. ಆ ಕೆಳಗಿನ 5 ಮಿ.ಮೀ. ಸಂದಿಯನ್ನು ರಬ್ಬರ್ ಹಾಕಿ ಮುಚ್ಚಬೇಡಿ. ಒಳಗೆ ಏನಾದರೂ ಸೋರಿದರೆ ನೀರು ಅಲ್ಲಿಂದಲೇ ಹೊರಬಂದು ನಿಮಗೆ ಸುದ್ದಿ ಮುಟ್ಟಿಸಬೇಕು.

ಕೂರಿಸುವ ದಿನ

ಮೊದಲು ಫ್ರೇಮ್, ಆಮೇಲೆ ಶಟರ್, ಕೊನೆಗೆ ಮೇಲಿನ ಪಟ್ಟಿ. ಶಟರ್ ತೂಗುಹಾಕಿದ ಮೇಲೆ ಹಿಂಜಿನ ಸ್ಕ್ರೂ ತಿರುಗಿಸಿ ಎಡ ಬಲ, ಒಳ ಹೊರ, ಮೇಲೆ ಕೆಳಗೆ ಸರಿಮಾಡಬಹುದು. ಒಂದು ತಿಂಗಳು ಬಳಸಿದ ಮೇಲೆ ಇನ್ನೊಮ್ಮೆ ಸರಿಮಾಡಿ, ಶಟರ್ ಸ್ವಲ್ಪ ಇಳಿದಿರುತ್ತದೆ.

ದುಡ್ಡು ಕೊಡುವ ಮುನ್ನ ಒಂದು ಪರೀಕ್ಷೆ. ಮೇಲಿನ ಪಟ್ಟಿಯ ನೆತ್ತಿಗೆ, ಎರಡೂ ಶಟರ್ ನೆತ್ತಿಗೆ ನ್ಯೂಸ್‌ಪೇಪರಿನ ಉದ್ದ ಚೂರು ಅಂಟಿಸಿ. ಕಟ್ಟೆಯ ಅಂಚಿಗೆ ಒಂದು ಲೋಟ ನೀರನ್ನು ನಿಧಾನಕ್ಕೆ ಬಿಡಿ, ದಡಕ್ಕನೆ ಸುರಿಯಬೇಡಿ. ಮೊಬೈಲ್ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ನಮ್ಮಲ್ಲಿ ಮೊದಲ ಸಲ ಬಲ ಮೂಲೆಯ ಪೇಪರ್ ಒದ್ದೆಯಾಯಿತು. ಗೀರು ಗೋಡೆಯ ತನಕ ಹೋಗದೆ ಮೂರು ಬೆರಳು ಮೊದಲೇ ನಿಂತಿತ್ತು. ಗ್ರೈಂಡರ್ ತಲುಪದ ಆ ಮೂರು ಬೆರಳಿಗೆ ಸಿಲಿಕೋನ್ ಗೆರೆ ಎಳೆದೆವು. ಮಾರನೇ ದಿನ ಮತ್ತೆ ನೀರು ಬಿಟ್ಟಾಗ ಪೇಪರ್ ಒಣಗಿಯೇ ಇತ್ತು.

ಹಿಂಜಿನ ಕ್ರ್ಯಾಂಕ್, ಮೈಕಾದ ಕೋಡ್ ನಂಬರ್, ಶಟರ್ ಕತ್ತರಿಸುವ ಅಳತೆ, ಮೂರನ್ನೂ ಮೇಲಿನ ಪಟ್ಟಿಯ ಹಿಂಬದಿಯ ಬಿಳಿ ಮೈಕಾ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಉಳಿದ ಎಡ್ಜ್ ಬ್ಯಾಂಡಿನ ಸುರುಳಿ ಒಂದು ಕವರಿನಲ್ಲಿ ಅದರ ಪಕ್ಕದಲ್ಲೇ ನೇತಾಡುತ್ತಿದೆ.